ಒಂದೇ ಸಲ ಬಳಸಿದ ಟೆಂಟು, ಹತ್ತು ಸಲ ಬಳಸಿದ ಟೆಂಟು

ಪ್ರಶ್ನೆ: ನಾವು ತುಮಕೂರಿನವರು. ನಾನು, ಪತ್ನಿ, ಹನ್ನೆರಡು ವರ್ಷದ ಮಗಳು, ಏಳು ವರ್ಷದ ಮಗ. ನಮ್ಮಲ್ಲಿ ಯಾರೂ ಇದುವರೆಗೆ ಟೆಂಟಿನಲ್ಲಿ ಮಲಗಿದವರಲ್ಲ. ದಸರಾ ರಜೆಯಲ್ಲಿ ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಉಳಿಯುವ ಆಸೆಯಿದೆ. ಹೊಸದಕ್ಕೆ ₹15,000 ಹಾಕಲು ಧೈರ್ಯವಿಲ್ಲ, ಮಕ್ಕಳಿಗೆ ಹಿಡಿಸದಿದ್ದರೆ ಅದು ಮೂಲೆ ಸೇರುತ್ತದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಟೆಂಟುಗಳು ಮೂರು ಸಿಕ್ಕಿವೆ. ಮೊದಲನೆಯದು ನಾಲ್ವರ ಟೆಂಟು, ಆರು ವರ್ಷದ ಹಿಂದೆ ಕೊಂಡದ್ದು, ಒಂದೇ ಸಲ ಬಳಸಿ ಅಟ್ಟದ ಮೇಲೆ ಇಟ್ಟಿದ್ದರಂತೆ, ₹4,000. ಎರಡನೆಯದೂ ನಾಲ್ವರದೇ, ಮೂರು ವರ್ಷ ಹಳೆಯದು, ಹತ್ತು ಹನ್ನೆರಡು ಸಲ ಬಳಸಿದ್ದಾರೆ, ಒಂದು ಕಡ್ಡಿ ಸೀಳಿದೆ, ಬಾಗಿಲ ಬಳಿ ನೆಲದಲ್ಲಿ ಚಿಕ್ಕ ಸುಟ್ಟ ತೂತಿದೆ, ₹4,500. ಮೂರನೆಯದು ಒಂದು ರೆಸಾರ್ಟಿನವರು ಮಾರುತ್ತಿರುವ ಎಂಟು ಜನರ ಉದ್ದನೆಯ ಟೆಂಟು, ₹6,000. ಯಾವುದನ್ನು ಕೊಳ್ಳಲಿ? ನೋಡಲು ಹೋದಾಗ ಏನನ್ನು ಪರೀಕ್ಷಿಸಲಿ?

ಉತ್ತರ: ಎರಡನೆಯದನ್ನು ಕೊಳ್ಳಿ. ಆದರೆ ಅದನ್ನು ನಿಮ್ಮ ಕಣ್ಣೆದುರಿಗೇ ಪೂರ್ತಿಯಾಗಿ ನಿಲ್ಲಿಸಿ ತೋರಿಸಿದ ಮೇಲೆ ಮತ್ತು ಬೆಲೆಯಲ್ಲಿ ಇನ್ನೊಂದಿಷ್ಟು ಇಳಿಸಿದ ಮೇಲೆ. ಪತ್ರ ಓದಿದ ಯಾರೇ ಆದರೂ ಮೊದಲನೆಯದರ ಕಡೆಗೆ ವಾಲುತ್ತಾರೆ, ಬಹುಶಃ ನಿಮ್ಮ ಮನಸ್ಸೂ ಅತ್ತಲೇ ಇದೆ. ಸ್ಕೂಟರೋ ಮಿಕ್ಸಿಯೋ ಆಗಿದ್ದರೆ ‘ಒಂದೇ ಸಲ ಬಳಸಿದ್ದು’ ಎಂಬ ಮಾತಿಗೆ ಬೆಲೆಯಿತ್ತು. ಟೆಂಟಿನ ವಿಷಯದಲ್ಲಿ ಆ ಮಾತು ಹೆಚ್ಚೇನನ್ನೂ ಹೇಳುವುದಿಲ್ಲ, ಏಕೆಂದರೆ ಟೆಂಟು ಬಳಕೆಯಿಂದ ಸವೆಯುವುದಕ್ಕಿಂತ ಹೆಚ್ಚಾಗಿ ಮಡಿಸಿಟ್ಟ ಜಾಗದಲ್ಲಿ, ಯಾರೂ ನೋಡದಿರುವಾಗ ಹಾಳಾಗುತ್ತದೆ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಮಾನ್ಯ ಕುಟುಂಬದ ಟೆಂಟುಗಳ ಬಟ್ಟೆ ಪಾಲಿಯೆಸ್ಟರ್. ಬಟ್ಟೆ ತಾನಾಗಿ ನೀರನ್ನು ತಡೆಯುವುದಿಲ್ಲ, ಅದರ ಒಳಮೈಗೆ ಬಳಿದಿರುವ ಪಾಲಿಯುರಿಥೇನ್ ಎಂಬ ತೆಳುವಾದ ಲೇಪ ತಡೆಯುತ್ತದೆ. ಈ ಲೇಪಕ್ಕೆ ತೇವ ಮತ್ತು ಶಾಖ ಒಟ್ಟಿಗೆ ಸೇರಿದರೆ ಆಗದು. ಗಾಳಿಯಲ್ಲಿನ ನೀರಿನಂಶವೇ ಲೇಪದ ಅಣುಗಳ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತಾ ಹೋಗುತ್ತದೆ, ಶಾಖ ಹೆಚ್ಚಿದಷ್ಟೂ ಆ ಕೆಲಸ ಬೇಗ ನಡೆಯುತ್ತದೆ. ನಮ್ಮ ಮನೆಗಳ ಅಟ್ಟವನ್ನು ನೆನೆಸಿಕೊಳ್ಳಿ: ಮೇಲೆ ಏಪ್ರಿಲ್ ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿ, ಗಾಳಿಯಾಡದ ಇಕ್ಕಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟ ಟೆಂಟು. ಆ ಒಂದು ಸಲದ ಬಳಕೆಯ ಮರುದಿನ ಬೆಳಗ್ಗೆ, ಇಬ್ಬನಿಯಲ್ಲಿ ಒದ್ದೆಯಾಗಿದ್ದಾಗಲೇ ಅದನ್ನು ಸುತ್ತಿ ತುಂಬಿದ್ದರಂತೂ ಕೇಳುವುದೇ ಬೇಡ. ಹೊಸ ಹವ್ಯಾಸಿಗಳಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ, ಮೊದಲ ಪ್ರವಾಸ ಮುಗಿಸಿ ದಣಿದು ಮನೆಗೆ ಬಂದವರಿಗೆ ಟೆಂಟನ್ನು ಮತ್ತೆ ಬಿಚ್ಚಿ ಒಣಗಿಸುವ ತಾಳ್ಮೆ ಇರುವುದಿಲ್ಲ. ಹತ್ತು ಹನ್ನೆರಡು ಸಲ ಬಳಸಿದವರು ಹಾಗಲ್ಲ. ಅಷ್ಟು ಸಲ ಹೊರಗೆ ಹೋದವರಿಗೆ ಒಣಗಿಸಿ ಇಡುವುದು ಅಭ್ಯಾಸವಾಗಿರುತ್ತದೆ, ಇಲ್ಲದಿದ್ದರೆ ಅವರ ಟೆಂಟು ಹನ್ನೆರಡನೆಯ ಸಲದವರೆಗೆ ಬಾಳುತ್ತಲೇ ಇರಲಿಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ತೆತ್ತೇ. ಬಹಳ ವರ್ಷಗಳ ಹಿಂದೆ ಊರು ಬಿಡುತ್ತಿದ್ದ ಒಬ್ಬ ಪರಿಚಿತರಿಂದ ಒಂದೇ ಸಲ ಬಳಸಿದ ಟೆಂಟನ್ನು, ಸಂಜೆ ಏಳು ಗಂಟೆಗೆ ಪಾರ್ಕಿಂಗ್ ಜಾಗದ ಮಬ್ಬು ಬೆಳಕಿನಲ್ಲಿ, ಚೀಲದ ಬಾಯಿ ಬಿಚ್ಚಿ ಮೇಲಿನ ಒಂದು ಮಡಿಕೆಯನ್ನಷ್ಟೇ ಮುಟ್ಟಿ ನೋಡಿ ಕೊಂಡಿದ್ದೆ. ಬಿಸಿಲೆ ಘಟ್ಟದ ಕಡೆ ಒಂದು ತೋಟದಲ್ಲಿ ಅದನ್ನು ಬಿಚ್ಚಿದಾಗ ಒಳಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಎಳೆದರೆ ಗಾಯದ ಪಟ್ಟಿ ಕೀಳುವಂಥ ಸದ್ದು. ನಡುರಾತ್ರಿ ಹಿಡಿದ ಮಳೆ ಸೋರಲಿಲ್ಲ, ಬಟ್ಟೆಯ ಮೈಯೆಲ್ಲ ಜಿನುಗಿತು, ಬೆವರಿದ ಹಾಗೆ. ಬೆಳಗ್ಗೆ ನೋಡಿದರೆ ಮಗನ ತಲೆಗೂದಲಲ್ಲಿ, ಹೊದಿಕೆಯ ಮೇಲೆ ಬಿಳಿಯ ಹೊಟ್ಟು. ಲೇಪ ಉದುರಿದ್ದು. ಮೂರನೆಯ ಜಾವವನ್ನು ನಾವು ಕಾರಿನಲ್ಲಿ ಕುಳಿತು ಕಳೆದೆವು. ಮಾರಿದವರು ಸುಳ್ಳು ಹೇಳಿರಲಿಲ್ಲ, ನಿಜಕ್ಕೂ ಅವರು ಅದನ್ನು ಒಂದೇ ಸಲ ಬಳಸಿದ್ದರು.

ಆದ್ದರಿಂದ ಮಾರುವವರನ್ನು ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ಆ ಪ್ರಶ್ನೆಗೆ ಒಂದೇ ಉತ್ತರ. ‘ಕೊನೆಯ ಸಲ ಯಾವಾಗ ಬಿಚ್ಚಿದ್ದಿರಿ, ಆಮೇಲೆ ಎಲ್ಲಿಟ್ಟಿದ್ದಿರಿ?’ ಎಂದು ಕೇಳಿ. ಲೇಪವನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಟೆಂಟಿನ ಮೇಲೆ ಹೊದಿಸುವ ಮಳೆಯ ಹೊರಪದರದ ಒಳಮೈಯನ್ನು ಒಳಮೈಗೇ ತಾಗಿಸಿ, ಬೆರಳಿನ ನಡುವೆ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ಬಿಡಿ. ನುಣುಪಾಗಿ ಜಾರಿ ಬಿಟ್ಟುಕೊಂಡರೆ ಸರಿ, ಹಲಸಿನ ಮೇಣದ ಹಾಗೆ ಅಂಟಿ ಎಳೆದರೆ ಆ ಟೆಂಟನ್ನು ಬಿಟ್ಟಿಯಾಗಿ ಕೊಟ್ಟರೂ ತರಬೇಡಿ. ಉಗುರಿನಿಂದ ಮೆಲ್ಲಗೆ ಕೆರೆದಾಗ ಪುಡಿ ಏಳುವುದೂ ಅದೇ ರೋಗದ ಮುಂದಿನ ಹಂತ. ಮೂಗನ್ನೂ ಬಳಸಿ. ಲೇಪ ಕೆಡುತ್ತಿದ್ದರೆ ಹುಳಿಯಾದ, ವಾಂತಿಯನ್ನು ನೆನಪಿಸುವ ಒಂದು ವಾಸನೆ ಬರುತ್ತದೆ. ಅದು ಒದ್ದೆ ಬಟ್ಟೆಯ ಮುಗ್ಗಲು ವಾಸನೆಗಿಂತ ಬೇರೆ. ಮುಗ್ಗಲು ವಾಸನೆ ಮತ್ತು ಕರಿಯ ಬೂಷ್ಟಿನ ಚುಕ್ಕೆಗಳನ್ನು ಬಿಸಿಲು, ಬ್ರಷ್ಷು, ತಣ್ಣೀರುಗಳಿಂದ ಒಂದು ಮಟ್ಟಕ್ಕೆ ತಗ್ಗಿಸಬಹುದು, ಕಲೆ ಉಳಿದರೂ ಟೆಂಟು ಕೆಲಸಕ್ಕೆ ಬರುತ್ತದೆ. ಅಂಟುವ ಲೇಪಕ್ಕೆ ಮಾತ್ರ ಮನೆಮದ್ದಿಲ್ಲ. ಹಳೆಯದನ್ನು ಪೂರ್ತಿ ಉಜ್ಜಿ ತೆಗೆದು ಹೊಸದನ್ನು ಬಳಿಯುವವರಿದ್ದಾರೆ, ನಿಮ್ಮ ₹4,000ದ ಟೆಂಟಿಗೆ ಆ ಖರ್ಚು, ಆ ಶ್ರಮ ತಕ್ಕದ್ದಲ್ಲ. ಮೊದಲನೆಯ ಟೆಂಟನ್ನೂ ಒಮ್ಮೆ ಹೋಗಿ ಈ ರೀತಿ ಮುಟ್ಟಿ ನೋಡುವುದರಲ್ಲಿ ತಪ್ಪಿಲ್ಲ. ಅಟ್ಟದಲ್ಲಿಟ್ಟದ್ದೆಲ್ಲ ಕೆಟ್ಟೇ ಇರುತ್ತದೆ ಎಂದಲ್ಲ, ಪೂರ್ತಿ ಒಣಗಿಸಿ ಸಡಿಲವಾಗಿ ಇಟ್ಟದ್ದು ಉಳಿದಿರಲೂಬಹುದು. ಆದರೆ ಆರು ವರ್ಷ ದಾಟಿದ ಲೇಪದಲ್ಲಿ ಉಳಿದ ಆಯುಷ್ಯ ಎಷ್ಟೆಂದು ಮುಟ್ಟಿ ತಿಳಿಯಲಾಗದು, ಇಂದು ಚೆನ್ನಾಗಿದ್ದದ್ದು ಮುಂದಿನ ಬೇಸಿಗೆಗೆ ಅಂಟತೊಡಗಬಹುದು.

ಮೂರನೆಯದನ್ನು ಪಟ್ಟಿಯಿಂದಲೇ ತೆಗೆದುಬಿಡಿ. ರೆಸಾರ್ಟಿನ ಟೆಂಟು ತಿಂಗಳುಗಟ್ಟಲೆ ಬಿಚ್ಚದೆ ಬಿಸಿಲಿನಲ್ಲಿ ನಿಂತಿರುತ್ತದೆ, ಬಿಸಿಲಿನ ಅತಿನೇರಳೆ ಕಿರಣಗಳು ಬಟ್ಟೆಯ ನೂಲನ್ನೇ ದುರ್ಬಲಗೊಳಿಸುತ್ತವೆ. ನೋಡಲು ಚೆನ್ನಾಗಿಯೇ ಇರುತ್ತದೆ, ಗಾಳಿಗೆ ಒಮ್ಮೆ ಜಗ್ಗಿದಾಗ ಹಳೆಯ ಪಂಚೆಯ ಹಾಗೆ ಪರ್ರೆಂದು ಹರಿಯುತ್ತದೆ. ಯಾವ ಟೆಂಟಿಗೇ ಆಗಲಿ, ಪಟ್ಟಿಯೋ ಜೇಬೋ ಮುಚ್ಚಿಕೊಂಡಿದ್ದ ಜಾಗದ ಬಣ್ಣವನ್ನೂ ನೆತ್ತಿಯ ಬಣ್ಣವನ್ನೂ ಹೋಲಿಸಿ ನೋಡಿ, ವ್ಯತ್ಯಾಸ ಎದ್ದು ಕಂಡರೆ ಅದು ಬಹಳ ಬಿಸಿಲು ಕುಡಿದಿದೆ ಎಂದೇ ಅರ್ಥ. ನೆತ್ತಿಯ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು ಜಗ್ಗಿಯೂ ನೋಡಬಹುದು, ಮಾಲೀಕರ ಒಪ್ಪಿಗೆ ಪಡೆದು. ಮೂರನೆಯದಕ್ಕೆ ಇನ್ನೂ ಒಂದು ದೋಷವಿದೆ. ಸುರಂಗದ ಆಕಾರದ ಉದ್ದನೆಯ ಟೆಂಟುಗಳು ಗೂಟ ಹೊಡೆದು ಹಗ್ಗ ಎಳೆದು ಕಟ್ಟಿದರೆ ಮಾತ್ರ ನಿಲ್ಲುತ್ತವೆ. ಅದು ನಿಮಗೆ ಏಕೆ ಒಗ್ಗದು ಎಂಬುದನ್ನು ತಿಳಿಯಲು ನೀವು ಹೋಗುತ್ತಿರುವ ಜಾಗದ ಬಗ್ಗೆ ಎರಡು ಮಾತು ಆಡಬೇಕು.

ಸಕಲೇಶಪುರ, ಆಲೂರು, ಬೇಲೂರುಗಳ ತೋಟಗಳಲ್ಲಿ ಕಾಡಾನೆಗಳ ಓಡಾಟ ನಿತ್ಯದ ಮಾತು. ತೋಟದ ನಡುವೆ, ಹಳ್ಳದ ಪಕ್ಕ, ಚಿತ್ರದಲ್ಲಿ ಚೆಂದ ಕಾಣುವ ಜಾಗದಲ್ಲಿ ಟೆಂಟ್ ಹಾಕುವ ಆಲೋಚನೆಯನ್ನು ದಯವಿಟ್ಟು ಬಿಡಿ. ಮನೆಯವರು ತಾವಾಗಿಯೇ ‘ಕಣದಲ್ಲಿ ಹಾಕಿಕೊಳ್ಳಿ’ ಎನ್ನುತ್ತಾರೆ, ಅವರು ಹೇಳುವುದು ಸರಿ. ಕಾಫಿ ಒಣಗಿಸುವ ಕಣ ಮನೆಗೆ ಹತ್ತಿರ, ಸಮತಟ್ಟು, ಅಕ್ಟೋಬರಿನಲ್ಲಿ ಇನ್ನೂ ಖಾಲಿ, ರಾತ್ರಿ ದೀಪವೂ ಇರುತ್ತದೆ, ಉಂಬಳಗಳ ಕಾಟವೂ ಕಡಿಮೆ. ಆದರೆ ಕಣದ ನೆಲ ಸಾಮಾನ್ಯವಾಗಿ ಸಿಮೆಂಟಿನದು, ಅಲ್ಲಿ ಗೂಟ ಇಳಿಯುವುದಿಲ್ಲ. ಆದ್ದರಿಂದ ನಿಮಗೆ ಬೇಕಾದದ್ದು ಕಡ್ಡಿಗಳು ನೆತ್ತಿಯಲ್ಲಿ ಒಂದನ್ನೊಂದು ಹಾದುಹೋಗಿ, ಗೂಟವಿಲ್ಲದೆಯೂ ತಾನೇ ನಿಲ್ಲುವ ಗುಮ್ಮಟದ ಆಕಾರದ ಟೆಂಟು. ಎರಡನೆಯದು ಅಂಥದ್ದೇ ಎಂಬುದನ್ನು ಫೋನಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ, ಅಲ್ಲವಾದರೆ ಬೆಂಗಳೂರಿನವರೆಗೆ ಹೋಗುವ ಅಗತ್ಯವೇ ಇಲ್ಲ. ತಾನೇ ನಿಲ್ಲುತ್ತದೆ ಎಂದ ಮಾತ್ರಕ್ಕೆ ಗಾಳಿಗೆ ಹಾರುವುದಿಲ್ಲ ಎಂದಲ್ಲ. ಐದು ಲೀಟರಿನ ನೀರಿನ ಕ್ಯಾನುಗಳನ್ನು ತುಂಬಿ ನಾಲ್ಕು ಮೂಲೆಗೂ ಕಟ್ಟಬೇಕು, ಒಳಗೆ ಸಾಮಾನು ಇಡದೆ ಟೆಂಟನ್ನು ಖಾಲಿ ಬಿಟ್ಟು ತಿರುಗಾಡಲು ಹೋಗಬಾರದು.

ಈಗ ಅಳತೆ. ‘ನಾಲ್ವರ ಟೆಂಟು’ ಎಂದರೆ ನಾಲ್ಕು ಚಾಪೆಗಳನ್ನು ಒಂದಕ್ಕೊಂದು ತಾಗಿಸಿ ಹಾಸಬಹುದು ಎಂದಷ್ಟೇ ಅರ್ಥ. ಒಂದು ಚಾಪೆಗೆ ಐವತ್ತರಿಂದ ಅರವತ್ತು ಸೆಂಟಿಮೀಟರ್ ಅಗಲ ಹಿಡಿಯುತ್ತಾರೆ. ನಡುವೆ ತಲೆದಿಂಬಿಗೆ, ಬ್ಯಾಗಿಗೆ, ನಿದ್ದೆಯಲ್ಲಿ ಕಾಲೆಸೆಯುವ ಮಗುವಿಗೆ ಜಾಗವನ್ನು ಲೆಕ್ಕ ಹಿಡಿದಿರುವುದಿಲ್ಲ. ನಾಲ್ವರು ವಯಸ್ಕರಿಗೆ ನಾನು ನಾಲ್ವರ ಟೆಂಟನ್ನು ಎಂದೂ ಹೇಳುವುದಿಲ್ಲ, ಆರು ಜನರದ್ದನ್ನು ಹೇಳುತ್ತೇನೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಎರಡೇ ರಾತ್ರಿ, ಸಾಮಾನು ಕಾರಿನಲ್ಲೇ ಇರುತ್ತದೆ ಎಂದಾದರೆ ನಾಲ್ವರದ್ದು ಸಾಕಾಗುತ್ತದೆ, ಒಂದಿಷ್ಟು ಒತ್ತಾಗಿಯೇ. ಮಾರುವವರಿಂದ ಒಳಗಿನ ನೆಲದ ಉದ್ದಗಲ ಕೇಳಿ, ಮನೆಯ ಹಾಲಿನಲ್ಲಿ ಸೀಮೆಸುಣ್ಣದಿಂದ ಅಷ್ಟೇ ಅಳತೆಯ ಚೌಕ ಬರೆದು, ನಾಲ್ವರೂ ಅದರೊಳಗೆ ಒಮ್ಮೆ ಮಲಗಿ ನೋಡಿ. ಹನ್ನೆರಡು ವರ್ಷದ ಮಗಳ ಅಭಿಪ್ರಾಯವನ್ನು ವಿಶೇಷವಾಗಿ ಕೇಳಿ, ಇನ್ನೆರಡು ವರ್ಷದಲ್ಲಿ ಅವಳಿಗೆ ಬೇರೆ ಕೋಣೆ ಬೇಕಾಗುತ್ತದೆ. ಹುಡುಕುವಾಗ ಕಣ್ಣಿಗೆ ಬೀಳುವ ಡೆಕತ್ಲಾನ್ ಟೆಂಟುಗಳ ಹೆಸರಿನಲ್ಲಿ 4.1, 4.2 ಎಂಬ ಅಂಕಿಗಳಿರುವುದುಂಟು. ಮೊದಲನೆಯದು ಎಷ್ಟು ಜನ ಎಂಬುದು, ಚುಕ್ಕೆಯ ನಂತರದ್ದು ಎಷ್ಟು ಮಲಗುವ ಕೋಣೆ ಎಂಬುದು. ಮುಂದೆಂದಾದರೂ ದೊಡ್ಡದಕ್ಕೆ ಹೋಗುವಾಗ ಇದು ನೆನಪಿರಲಿ.

ಪದರಗಳ ಬಗ್ಗೆ ಒಂದು ಎಚ್ಚರಿಕೆ. ಒಳಗೆ ಸೊಳ್ಳೆ ಪರದೆಯ ಬಟ್ಟೆಯಿರುವ ಒಂದು ಟೆಂಟು, ಅದರ ಮೇಲೆ ಅಂತರ ಬಿಟ್ಟು ನಿಲ್ಲುವ ಮಳೆಯ ಹೊರಪದರ, ಹೀಗೆ ಎರಡು ಪದರಗಳಿರುವುದನ್ನೇ ಕೊಳ್ಳಬೇಕು. ನಾಲ್ವರು ಮಲಗಿದ ಟೆಂಟಿನಲ್ಲಿ ಬೆಳಗಾಗುವ ಹೊತ್ತಿಗೆ ಉಸಿರು, ಬೆವರುಗಳಿಂದಲೇ ಸುಮಾರು ಒಂದು ಲೀಟರ್ ನೀರು ಗಾಳಿಗೆ ಸೇರಿರುತ್ತದೆ. ತಣ್ಣಗಿನ ಬಟ್ಟೆಗೆ ತಾಗಿದಾಗ ಅದು ಹನಿಗಟ್ಟುತ್ತದೆ. ಎರಡು ಪದರಗಳಿದ್ದರೆ ಹನಿ ಹೊರಪದರದ ಒಳಮೈಯಲ್ಲಿ ಕಟ್ಟಿ ಹೊರಗೆ ಇಳಿದುಹೋಗುತ್ತದೆ, ಒಂದೇ ಪದರವಾದರೆ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಹೊಸಬರು ಇದನ್ನು ಸೋರಿಕೆ ಎಂದು ತಿಳಿದು ಒಳ್ಳೆಯ ಟೆಂಟನ್ನೂ ಮಾರಿಬಿಡುವುದುಂಟು. ನಿಮ್ಮಂಥವರಿಗೆ ಅದು ಲಾಭ. ‘ಸ್ವಲ್ಪ ಸೋರುತ್ತದೆ’ ಎಂದು ಕಡಿಮೆ ಬೆಲೆಗೆ ಬಂದದ್ದನ್ನು ತಂದು ನೋಡಿದರೆ ಗಾಳಿಕಿಂಡಿ ತೆರೆದು ಮಲಗಿದ್ದರೆ ಸಾಕಿತ್ತು ಎಂಬಂಥ ಟೆಂಟುಗಳು ನನಗೇ ಎರಡು ಸಿಕ್ಕಿವೆ. ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ ಹೊಸದಾಗಿಯೇ ಸಿಗುವ ಹೆಸರಿಲ್ಲದ ‘ಆರು ಜನರ ವಾಟರ್‌ಪ್ರೂಫ್’ ಟೆಂಟುಗಳಲ್ಲಿ ಹೆಚ್ಚಿನವು ಒಂದೇ ಪದರದವು. ಅವು ಮನೆಯಂಗಳದಲ್ಲಿ ಮಕ್ಕಳ ಆಟಕ್ಕೆ ಸರಿ.

ಮಳೆಯ ವಿಷಯ ಬಂದಾಗ ಟೆಂಟಿನ ಮೇಲೆ 2000 ಮಿ.ಮೀ., 3000 ಮಿ.ಮೀ. ಎಂದು ಬರೆದಿರುವುದನ್ನು ನೋಡುತ್ತೀರಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಗೆ 2000ದ ಟೆಂಟು ಸಾಲದೇನೋ ಎಂದು ಒಬ್ಬರು ನನ್ನನ್ನು ಗಂಭೀರವಾಗಿಯೇ ಕೇಳಿದ್ದರು. ಆ ಅಂಕಿಗೂ ಬೀಳುವ ಮಳೆಗೂ ಸಂಬಂಧವಿಲ್ಲ. ಬಟ್ಟೆಯ ಒಂದು ಪಕ್ಕದಲ್ಲಿ ನೀರಿನ ಒತ್ತಡವನ್ನು ಏರಿಸುತ್ತಾ ಹೋಗಿ, ಇನ್ನೊಂದು ಪಕ್ಕದಲ್ಲಿ ಮೂರು ಕಡೆ ಹನಿ ಒಸರಿದಾಗ ಆ ಒತ್ತಡ ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮ ಎಂದು ಅಳೆದ ಸಂಖ್ಯೆ ಅದು. ಹೊರಪದರಕ್ಕೆ 1500 ಇದ್ದರೂ ಮಳೆ ತಡೆಯುತ್ತದೆ, 2000 ಇದ್ದರೆ ನೆಮ್ಮದಿ. ನೆಲಕ್ಕೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ನಮ್ಮ ಇಡೀ ಭಾರ ಅಂಗೈಯಗಲಕ್ಕಿಂತ ಚಿಕ್ಕ ಜಾಗದ ಮೇಲೆ ಬಿದ್ದು ನೀರನ್ನು ಬಟ್ಟೆಯೊಳಗೆ ತಳ್ಳುತ್ತದೆ. ಈ ಅಂಕಿಗಳೆಲ್ಲ ಹೊಸ ಬಟ್ಟೆಯದ್ದು ಎಂಬುದನ್ನು ಮಾತ್ರ ಮರೆಯಬಾರದು. ಹಳೆಯ ಟೆಂಟಿನ ಚೀಟಿಯಲ್ಲಿ 3000 ಇದ್ದು ಲೇಪ ಅಂಟುತ್ತಿದ್ದರೆ ಆ 3000ಕ್ಕೆ ಯಾವ ಅರ್ಥವೂ ಇಲ್ಲ. ದಸರಾ ಹೊತ್ತಿಗೆ ಮುಂಗಾರಿನ ಜಡಿಮಳೆ ಕಳೆದಿರುತ್ತದೆ ನಿಜ, ಆದರೆ ಹಸ್ತ, ಚಿತ್ತೆ ಮಳೆಗಳು ಸಂಜೆಯ ಹೊತ್ತು ಗುಡುಗಿನೊಂದಿಗೆ ಬಂದು ಒಂದೇ ಗಂಟೆಯಲ್ಲಿ ಸುರಿದು ಹೋಗುವುದು ಆ ಭಾಗದಲ್ಲಿ ಸಾಮಾನ್ಯ.

ಇನ್ನು ಎರಡನೆಯ ಟೆಂಟಿನ ಎರಡು ಗಾಯಗಳು. ಸೀಳಿದ ಕಡ್ಡಿ ಫೈಬರ್‌ಗ್ಲಾಸಿನದೆಂದು ಊಹಿಸುತ್ತೇನೆ, ಈ ಬೆಲೆಯ ಟೆಂಟುಗಳಲ್ಲಿ ಬಹುತೇಕ ಅದೇ ಇರುವುದು. ಒಂದು ತುಂಡು ಸೀಳಿದ್ದರೆ ಉಳಿದವೂ ಅದೇ ದಾರಿಯಲ್ಲಿವೆಯೇ ಎಂಬುದು ಮುಖ್ಯ ಪ್ರಶ್ನೆ. ಹಳೆಯ ಹತ್ತಿಯ ಕರವಸ್ತ್ರವನ್ನು ಕಡ್ಡಿಯ ಸುತ್ತ ಸಡಿಲವಾಗಿ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆಯಿರಿ, ಬರಿಗೈಯಿಂದ ಮಾತ್ರ ಬೇಡ, ಗಾಜಿನ ಎಳೆ ಬೆರಳಿಗೆ ಚುಚ್ಚಿದರೆ ಎರಡು ದಿನ ಉರಿಯುತ್ತದೆ. ಬಟ್ಟೆ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಲ್ಲಿ ಸೀಳು ಶುರುವಾಗಿದೆ. ಲೋಹದ ಕೊಳವೆ ಸೇರುವ ಜಾಗದಲ್ಲಿ ವಿಶೇಷವಾಗಿ ನೋಡಿ, ಮುರಿಯುವುದು ಅಲ್ಲಿಯೇ. ಒಂದೆರಡು ತುಂಡುಗಳಾದರೆ ಚಿಂತೆಯಿಲ್ಲ, ದಪ್ಪವನ್ನು ಅಳೆದು ಅಷ್ಟೇ ದಪ್ಪದ ಬಿಡಿ ತುಂಡು ತರಿಸಿ ಹಾಕಬಹುದು. ಅಂದಾಜಿನಲ್ಲಿ ತರಿಸಬೇಡಿ, 8.5 ಮಿ.ಮೀ.ನ ಕೊಳವೆಗೆ 9.5ರ ಕಡ್ಡಿ ಹೋಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ವರ್ನಿಯರ್ ಇದ್ದೇ ಇರುತ್ತದೆ, ಒಂದು ತುಂಡನ್ನು ಜೊತೆಗೆ ಒಯ್ಯಿರಿ. ಒಳಗಿನ ಇಲಾಸ್ಟಿಕ್ ದಾರ ಜೋಲು ಬಿದ್ದಿದ್ದರೆ ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ, ಆದರೆ ದರ್ಜಿಯ ಅಂಗಡಿಯ ಇಲಾಸ್ಟಿಕ್ ತಡೆಯದು, ಸಾಮಾನು ಕಟ್ಟುವ ಬಂಜಿ ಹಗ್ಗದ ತೆಳು ಜಾತಿ ಬೇಕು. ಮೂರಕ್ಕಿಂತ ಹೆಚ್ಚು ತುಂಡುಗಳಲ್ಲಿ ಬಟ್ಟೆ ಸಿಕ್ಕಿಕೊಂಡರೆ ಇಡೀ ಕಡ್ಡಿಯೇ ಬದಲಾಗಬೇಕು, ಆ ಖರ್ಚನ್ನು ಬೆಲೆಯಿಂದ ಕಳೆಯದೆ ಮಾತು ಮುಗಿಸಬೇಡಿ.

ಬಾಗಿಲ ಬಳಿಯ ಸುಟ್ಟ ತೂತು ಸೊಳ್ಳೆ ಬತ್ತಿಯದ್ದು ಎಂದು ನೋಡದೆಯೇ ಹೇಳಬಲ್ಲೆ. ನಮ್ಮ ಕಡೆಯ ಹಳೆಯ ಟೆಂಟುಗಳಲ್ಲಿ ಮೂರರಲ್ಲೊಂದಕ್ಕೆ ಆ ಗುರುತು ಇರುತ್ತದೆ. ತೂತಿನ ಅಂಚು ಗಟ್ಟಿಯಾಗಿ ಕರಗಿಕೊಂಡಿರುವುದರಿಂದ ಅದು ಹರಿದು ದೊಡ್ಡದಾಗುವುದಿಲ್ಲ. ಮೂಲೆಗಳನ್ನು ದುಂಡಗೆ ಕತ್ತರಿಸಿದ ತೇಪೆಯನ್ನು ಒಳಗೂ ಹೊರಗೂ ಅಂಟಿಸಿದರೆ ಆಯಿತು. ಚೌಕ ಮೂಲೆಯ ತೇಪೆ ಮೂಲೆಯಿಂದ ಏಳುತ್ತದೆ. ನೀವು ಮಾತ್ರ ಒಳಗೆ ಬತ್ತಿ ಹಚ್ಚಬೇಡಿ, ಕೆಂಡದ ಒಲೆ, ಗ್ಯಾಸ್ ಸ್ಟವ್ ಯಾವುದನ್ನೂ ಟೆಂಟಿನೊಳಗೆ ತರಬೇಡಿ. ಬೆಂಕಿಯ ಭಯ ಒಂದು ಕಡೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮುಚ್ಚಿದ ಟೆಂಟಿನಲ್ಲಿ ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಸೊಳ್ಳೆಗೆ ಪರದೆಯೇ ಸಾಕು. ಪರದೆಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ಎಣಿಸಿ, ಒಂದೆರಡನ್ನು ಸೂಜಿದಾರದಲ್ಲೇ ಮುಚ್ಚಬಹುದು.

ಜಿಪ್ಪಿನಲ್ಲಿ ಎರಡು ಬಗೆಯ ಕೇಡುಗಳಿವೆ, ಒಂದು ಅಗ್ಗದ್ದು, ಇನ್ನೊಂದು ದುಬಾರಿ. ರನ್ನರ್ ಹಾದುಹೋದ ಮೇಲೂ ಹಿಂದೆ ಹಲ್ಲು ಬಿಟ್ಟುಕೊಂಡರೆ ರನ್ನರ್ ಸವೆದಿದೆ, ಬ್ಯಾಗ್ ರಿಪೇರಿಯವರು ಅದೇ ನಂಬರಿನ ಹೊಸ ರನ್ನರ್ ಹಾಕಿಕೊಡುತ್ತಾರೆ, ನಂಬರು ಸಾಮಾನ್ಯವಾಗಿ ರನ್ನರಿನ ಬೆನ್ನಲ್ಲೇ ಇರುತ್ತದೆ. ಹಲ್ಲುಗಳೇ ಕಿತ್ತುಹೋಗಿದ್ದರೆ ಇಡೀ ಜಿಪ್ಪು ಬಿಚ್ಚಿ ಹೊಲಿಯಬೇಕು. ಬಾಗಿಲು ಕಮಾನಿನ ಹಾಗೆ ತಿರುಗುವ ಜಾಗದಲ್ಲಿ ನಾಲ್ಕೈದು ಸಲ ಓಡಿಸಿ ನೋಡಿ, ನೇರವಾದ ಕಡೆ ಎಲ್ಲ ಜಿಪ್ಪುಗಳೂ ಚೆನ್ನಾಗಿಯೇ ಓಡುತ್ತವೆ. ಹೊಲಿಗೆಗಳ ಒಳಮೈಯಲ್ಲಿ ಅಂಟಿಸಿದ ಪಾರದರ್ಶಕ ಟೇಪು ಅಲ್ಲಲ್ಲಿ ಎದ್ದಿದ್ದರೆ ಹೆದರಬೇಕಿಲ್ಲ, ಬಟ್ಟೆಯ ಲೇಪ ಗಟ್ಟಿಯಿದ್ದರೆ ಹೊಲಿಗೆಗೆ ಸೀಲರ್ ಎಂಬ ನೀರು ತಡೆಯುವ ಅಂಟು ಹಚ್ಚಬಹುದು. ಕೊಳ್ಳುವಾಗ ಅದು ಪಾಲಿಯುರಿಥೇನ್ ಬಟ್ಟೆಗೆ ಹೊಂದುವುದೇ ಎಂದು ನೋಡಿ, ಸ್ನಾನಗೃಹದ ಸಿಲಿಕೋನ್ ಈ ಲೇಪದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ.

ನೋಡಲು ಹೋಗುವುದಾದರೆ ಹಗಲು ಹೋಗಿ, ಮಧ್ಯಾಹ್ನವಾದರೆ ಉತ್ತಮ. ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲ ಎಂದರೆ ಟೆರೇಸು, ಪಾರ್ಕಿಂಗು, ಎದುರಿನ ಪಾರ್ಕು, ಎಲ್ಲಿಯಾದರೂ ಸರಿ, ನಿಲ್ಲಿಸದೆ ಕೊಳ್ಳಬೇಡಿ. ಸಾಧ್ಯವಾದರೆ ಮಾರುವವರೇ ನಿಲ್ಲಿಸಲಿ, ನೀವು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ, ತೋಟದಲ್ಲಿ ಕತ್ತಲಾಗುವಾಗ ಆ ವಿಡಿಯೊ ಉಪಯೋಗಕ್ಕೆ ಬರುತ್ತದೆ. ನಿಂತ ಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿ ಐದು ನಿಮಿಷ ಅಂಗಾತ ಮಲಗಿ. ಬಿಸಿಲಿನಲ್ಲಿ ಹೊರಪದರದ ಪ್ರತಿಯೊಂದು ಸೂಜಿರಂಧ್ರವೂ ನಕ್ಷತ್ರದ ಹಾಗೆ ಹೊಳೆಯುತ್ತದೆ, ಲೇಪ ಕೆಟ್ಟಿದ್ದರೆ ಕಾದ ಬಟ್ಟೆಯ ವಾಸನೆ ಆ ಐದು ನಿಮಿಷದಲ್ಲೇ ಹೇಳಿಬಿಡುತ್ತದೆ. ಒಳಗೆ ಹೊಲಿದಿರುವ ಬಿಳಿಯ ಚೀಟಿಯನ್ನೂ ಓದಿ, ಹಲವು ಟೆಂಟುಗಳಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತವೆ. ಕೊಂಡದ್ದು ಮೂರು ವರ್ಷದ ಹಿಂದೆ, ತಯಾರಾದದ್ದು ಏಳು ವರ್ಷದ ಹಿಂದೆ ಎಂದಾದರೆ ನಾನು ಏಳನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಬೆಲೆಗೆ ನನ್ನದೊಂದು ಲೆಕ್ಕವಿದೆ, ಶಾಸ್ತ್ರವಲ್ಲ. ಮೂರು ವರ್ಷದೊಳಗಿನ, ಎಲ್ಲ ಭಾಗಗಳೂ ಇರುವ ಟೆಂಟಿಗೆ ಇಂದಿನ ಹೊಸ ಬೆಲೆಯ ಅರ್ಧದವರೆಗೆ, ಮೂರರಿಂದ ಐದು ವರ್ಷದ್ದಕ್ಕೆ ಮೂರರಲ್ಲೊಂದು ಪಾಲು, ಅದಕ್ಕಿಂತ ಹಳೆಯದಕ್ಕೆ ಕಳೆದುಕೊಂಡರೂ ಬೇಸರವಾಗದಷ್ಟು. ನಿಮ್ಮ ಎರಡನೆಯ ಟೆಂಟು ಮೂರರ ಗಡಿಯಲ್ಲೇ ನಿಂತಿದೆ. ಅದರಂಥದ್ದೇ ಹೊಸದರ ಬೆಲೆ ಇಂದು ಅಂಗಡಿಯಲ್ಲಿ ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಿ. ಅದು ₹10,000ದ ಆಸುಪಾಸಿನಲ್ಲಿದ್ದರೆ ಕಡ್ಡಿ ಮತ್ತು ತೂತುಗಳ ಲೆಕ್ಕದಲ್ಲಿ ₹3,500ಕ್ಕೆ ಕೇಳುವುದು ನ್ಯಾಯ, ₹3,800ಕ್ಕೆ ಬಂದರೆ ಒಪ್ಪಿಕೊಳ್ಳಿ. ಉಳಿದ ಹಣಕ್ಕೂ ಕೆಲಸವಿದೆ. ಟೆಂಟಿನ ನೆಲಕ್ಕಿಂತ ಸ್ವಲ್ಪ ಚಿಕ್ಕದಾದ ಟಾರ್ಪಾಲು ಅಡಿಗೆ ಹಾಸಲು ಬೇಕು. ಅದು ಟೆಂಟಿನ ಅಂಚಿನಿಂದ ನಾಲ್ಕು ಬೆರಳೂ ಹೊರಗೆ ಇಣುಕಬಾರದು, ಇಣುಕಿದರೆ ಹೊರಪದರದಿಂದ ಇಳಿದ ಮಳೆನೀರು ಅದರ ಮೇಲೆ ಬಿದ್ದು ನೇರವಾಗಿ ನಿಮ್ಮ ಅಡಿಗೇ ಹರಿಯುತ್ತದೆ. ಮುಂದೆ ಮಣ್ಣಿನ ನೆಲದಲ್ಲಿ ಹಾಕುವ ದಿನ ಬಂದಾಗ ಟೆಂಟಿನ ಜೊತೆ ಬಂದ ತಂತಿಯಂಥ ಗೂಟಗಳು ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಮೊದಲ ಏಟಿಗೇ ಬಾಗುತ್ತವೆ. ಎಂಟು ಮಿ.ಮೀ. ಕಟ್ಟಡದ ಕಂಬಿಯನ್ನು ಒಂದೊಂದು ಅಡಿಗೆ ಕತ್ತರಿಸಿ, ತಲೆ ಬಾಗಿಸಿ ಕೊಡಲು ಯಾವುದೇ ವೆಲ್ಡಿಂಗ್ ಅಂಗಡಿಗೆ ಹೇಳಿ, ಅಂಥ ಹತ್ತು ಗೂಟ ಜೀವಮಾನಕ್ಕೆ ಸಾಕು.

ತಂದ ಮೇಲೆ ನೇರವಾಗಿ ಸಕಲೇಶಪುರಕ್ಕೆ ಒಯ್ಯಬೇಡಿ. ಮನೆಯ ಟೆರೇಸಿನಲ್ಲಿ ನಿಲ್ಲಿಸಿ, ಗಿಡಕ್ಕೆ ಹಾಕುವ ಪೈಪಿನಿಂದ ಮೇಲಿನಿಂದ ಹತ್ತು ನಿಮಿಷ ನೀರು ಬಿಡಿ, ಮಗನನ್ನು ಟಾರ್ಚು ಕೊಟ್ಟು ಒಳಗೆ ಕೂರಿಸಿ. ಎಲ್ಲಿ ಹನಿ ಕಂಡರೂ ಅವನು ಕೂಗುತ್ತಾನೆ, ನೀವು ಅಲ್ಲೊಂದು ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ಗುರುತು ಮಾಡಿಕೊಳ್ಳಿ. ಅಂದು ರಾತ್ರಿ ನಾಲ್ವರೂ ಅಲ್ಲೇ ಮಲಗಿ. ಯಾರಿಗೆ ಬೆನ್ನು ನೋವು, ಯಾರಿಗೆ ಕತ್ತಲೆಯ ಭಯ, ಶೌಚಕ್ಕೆ ಹೋಗಲು ಯಾರು ಯಾರನ್ನು ದಾಟಬೇಕು ಎಂಬುದೆಲ್ಲ ಮನೆಯ ಬಾಗಿಲು ಹತ್ತು ಮೆಟ್ಟಿಲು ಕೆಳಗಿರುವಾಗಲೇ ತಿಳಿದುಬಿಡುತ್ತದೆ. ಮರುದಿನ ಟೆಂಟು ಪೂರ್ತಿ ಒಣಗಿದ ಮೇಲೆ, ಅದರ ಬಿಗಿ ಚೀಲಕ್ಕೆ ತುರುಕದೆ, ಹಳೆಯ ಹತ್ತಿಯ ದಿಂಬಿನ ಚೀಲದಲ್ಲೋ ಹೊದಿಕೆಯಲ್ಲೋ ಸಡಿಲವಾಗಿ ಸುತ್ತಿ ಮಂಚದ ಕೆಳಗೆ ಇಡಿ, ಅಟ್ಟಕ್ಕೆ ಏರಿಸಬೇಡಿ.